ಹಕ್ಕಿಗಳ ಕೆರೆಯ ಹೂಳೆತ್ತುವ ಮೊದಲು

ಗದಗ ಜಿಲ್ಲೆಯ ಓದುಗರೊಬ್ಬರು ಬರೆದಿದ್ದಾರೆ: “ನಮ್ಮೂರ ಕೆರೆ ಸುಮಾರು 60 ಎಕರೆ. ಒಳಗಿನ ಜಾಲಿ ಮರಗಳಲ್ಲಿ ಪ್ರತಿವರ್ಷ ಬಣ್ಣದ ಕೊಕ್ಕರೆ, ಕೆಂಬರಲು, ನೀರುಕಾಗೆಗಳು ಗೂಡು ಕಟ್ಟುತ್ತವೆ. ಈಗ ಕೆರೆ ಅಭಿವೃದ್ಧಿಗೆ ಅನುದಾನ ಬಂದಿದೆ. ಇಡೀ ಕೆರೆಯನ್ನು ಸಮನಾಗಿ 3 ಮೀಟರ್ ಅಗೆದು, ಸುತ್ತ ಕಲ್ಲು ಕಟ್ಟಿ, ಜೊಂಡು ತೆಗೆಸಿ, ವಾಕಿಂಗ್ ಪಾತ್ ಮಾಡಿ, ದನ ಬಾರದಂತೆ ಬೇಲಿ ಹಾಕುತ್ತಾರಂತೆ. ಹೀಗೆ ಮಾಡಿದರೆ ಒಳ್ಳೆಯ ಪಕ್ಷಿಧಾಮ ಆಗುತ್ತದೆ ಎನ್ನುತ್ತಾರೆ. ಇದು ನಿಜವೇ? ಎಂಜಿನಿಯರ್ ಬಳಿ ನಾವು ಏನು ಕೇಳಬೇಕು?”

ಸಂಪಾದಕರ ಉತ್ತರ:

ಜೆಸಿಬಿ ಕೆರೆಗೆ ಇಳಿಯುವ ಮೊದಲೇ ಪತ್ರ ಬರೆದಿದ್ದೀರಿ, ಒಳ್ಳೆಯದಾಯಿತು. ಯೋಜನೆ ಈಗಿರುವಂತೆಯೇ ಜಾರಿಯಾದರೆ ನಿಮ್ಮೂರಿಗೆ ಒಂದು ದೊಡ್ಡ ಹೊಂಡ ಸಿಗುತ್ತದೆ, ಹಕ್ಕಿಗಳ ಕೆರೆ ಹೋಗುತ್ತದೆ. ಹೂಳೆತ್ತುವುದೇ ತಪ್ಪೆಂದು ನಾವು ಹೇಳುತ್ತಿಲ್ಲ. ಎಲ್ಲಿ, ಎಷ್ಟು, ಯಾವಾಗ ಎಂಬುದರಲ್ಲೇ ಎಲ್ಲವೂ ಇದೆ.

ಮೊದಲು ಆಳದ ಮಾತು. ಗದ್ದೆಗೊರವ, ಮೆಟ್ಟುಗಾಲು ಹಕ್ಕಿಯಂಥವು ಮೇಯುವುದು ಹಸಿ ಕೆಸರಿನಿಂದ ಗೇಣುದ್ದದ ನೀರಿನವರೆಗೆ ಮಾತ್ರ. ಕೊಕ್ಕರೆ, ಚಮಚ ಕೊಕ್ಕಿನ ಹಕ್ಕಿಗಳು ಮೊಣಕಾಲು ಮುಳುಗುವ ನೀರಲ್ಲಿ ಮೀನು ಹಿಡಿಯುತ್ತವೆ. ಹೆಚ್ಚಿನ ಬಾತುಗಳು ಮುಳುಗು ಹಾಕದೆ ತಲೆ ಮಾತ್ರ ಕೆಳಗೆ ಹಾಕುವುದರಿಂದ ಅವುಗಳಿಗೂ ಒಂದಡಿ ನೀರು ಸಾಕು. ಮೀಟರಿಗಿಂತ ಆಳದ ನೀರು ಬೇಕಾದದ್ದು ನೀರುಕಾಗೆ, ಹಾವಕ್ಕಿ, ಗುಳುಮುಳುಕದಂಥ ಮುಳುಗುವ ಹಕ್ಕಿಗಳಿಗೆ. ಇಡೀ ಕೆರೆಯನ್ನು 3 ಮೀಟರ್ ಅಗೆದರೆ ಉಳಿಯುವುದು ಈ ಕೊನೆಯ ಗುಂಪು ಮಾತ್ರ.

ಇನ್ನು ದಡದ ಇಳಿಜಾರು. ನಿಮ್ಮ ಕಡೆ ಬೇಸಿಗೆಯಲ್ಲಿ ಕೆರೆಯ ನೀರು ಬಿಸಿಲಿಗೇ ದಿನಕ್ಕೆ 7ರಿಂದ 8 ಮಿಲಿಮೀಟರ್ ಇಳಿಯುತ್ತದೆ. 50 ಮೀಟರ್ ದೂರಕ್ಕೆ 1 ಮೀಟರ್ ಇಳಿಯುವ ಸಪಾಟು ಅಂಗಳದಲ್ಲಿ ನೀರು 8 ಮಿಲಿಮೀಟರ್ ಇಳಿದರೆ ದಡ 40 ಸೆಂಟಿಮೀಟರ್ ಹಿಂದೆ ಸರಿಯುತ್ತದೆ. ಅಂದರೆ ದಿನವೂ ಕೆರೆಯ ಅಂಚಿನುದ್ದಕ್ಕೂ ಒಂದು ಮೊಳದಷ್ಟು ಅಗಲದ ಹೊಸ ಕೆಸರು ತೆರೆದುಕೊಳ್ಳುತ್ತದೆ; ಹುಳು, ಬಸವನಹುಳು, ಮರಿಮೀನು ಎಲ್ಲ ಅದರಲ್ಲೇ. ಅದೇ ದಡವನ್ನು 2 ಮೀಟರಿಗೆ 1 ಮೀಟರ್ ಇಳಿಯುವಂತೆ ಕಡಿದು ಕಲ್ಲು ಕಟ್ಟಿದರೆ ದಿನಕ್ಕೆ ತೆರೆಯುವುದು 1.6 ಸೆಂಟಿಮೀಟರ್, ಅದೂ ಬರಿ ಕಲ್ಲು. ಕಲ್ಲಿನ ಕೆಲಸ ಏರಿಯ ಒಳಮೈಗೆ ಬೇಕೇ ಬೇಕು. ಉಳಿದ ಮೂರು ಕಡೆಗೆ ಬೇಡವೆಂದು ಗಟ್ಟಿಯಾಗಿ ಹೇಳಿ.

ಹಾಗಾದರೆ ರೈತರಿಗೆ ನೀರು? ಕೆರೆ ತಾನಾಗಿಯೇ ಏರಿಯ ಕಡೆ ಆಳ, ನೀರು ಬರುವ ಕಡೆ ತೆಳು. ಅಗೆತವನ್ನು ಏರಿಯ ಕಡೆಯ 24 ಎಕರೆಗೆ ಸೀಮಿತಗೊಳಿಸಿ ಸರಾಸರಿ ಒಂದೂವರೆ ಮೀಟರ್ ಹೂಳು ತೆಗೆದರೂ ಸುಮಾರು 1.45 ಲಕ್ಷ ಘನ ಮೀಟರ್ ಜಾಗ ಸಿಗುತ್ತದೆ. ಇಡೀ 60 ಎಕರೆಯನ್ನು 3 ಮೀಟರ್ ಅಗೆದರೆ ಜಾಗ 7 ಲಕ್ಷ ಘನ ಮೀಟರ್ ದಾಟುತ್ತದೆ, ಸರಿ. ಆದರೆ ಅದನ್ನು ತುಂಬಿಸುವವರು ಯಾರು? ವರ್ಷಕ್ಕೆ 600 ಮಿಲಿಮೀಟರ್ ಮಳೆ ಬಿದ್ದು ಅದರ ಹತ್ತರಲ್ಲೊಂದು ಪಾಲು ಕೆರೆಗೆ ಹರಿದು ಬಂದರೂ 12 ಚದರ ಕಿಲೋಮೀಟರ್ ಜಲಾನಯನ ಬೇಕು. ನಿಮ್ಮ ಕೆರೆಗೆ ಎಷ್ಟಿದೆ? ಎಂಜಿನಿಯರ್ ಬಳಿ ಕೇಳಬೇಕಾದ ಮೊದಲ ಪ್ರಶ್ನೆ ಇದೇ.

ಅಗೆಯುವಾಗ ಏರಿಯ ಬುಡದಿಂದ ಕನಿಷ್ಠ 10 ಮೀಟರ್ ಬಿಡಿಸಿ, ಇಲ್ಲದಿದ್ದರೆ ಏರಿ ಜರಿಯುವ ಅಪಾಯವಿದೆ. ಕಪ್ಪು ಗೋಡು ಮುಗಿದು ಅಡಿಯ ಮೊರಂ (ಗರಸು ಮಣ್ಣು) ಕಾಣಿಸುವ ಮೊದಲೇ ನಿಲ್ಲಿಸಬೇಕು. ನೀರು ಹಿಡಿದಿಡುವ ಜೇಡಿಯ ಪದರವನ್ನು ಹರಿದು ಹಾಕಿದರೆ ಕೆರೆ ಸೋರತೊಡಗುತ್ತದೆ, ಆಮೇಲೆ ಅದನ್ನು ಸರಿಮಾಡುವುದು ಬಹಳ ಕಷ್ಟ. ಅಗೆಯದೆ ಬಿಟ್ಟ ತೆಳು ಭಾಗದ ಅಂಗಳದ ಮೇಲ್ಮಣ್ಣನ್ನಂತೂ ಮುಟ್ಟಬೇಡಿ, ಜೇಕು ಮತ್ತು ನೀರುಸಸ್ಯಗಳ ಬೀಜ, ಗೆಡ್ಡೆಗಳೆಲ್ಲ ಅದರಲ್ಲಿವೆ. ಅರ್ಧ ಭಾಗ ಈ ವರ್ಷ, ಅರ್ಧ ಮುಂದಿನ ವರ್ಷ ಎಂದು ಕೆಲಸ ಹಂಚಿ. ಕೊನೆಯ ಮರಿ ಹಾರಿದ ಮೇಲೆ ಶುರು ಮಾಡಿ, ಮುಂಗಾರಿಗೆ ಮುಂಚೆ ಮುಗಿಸಿ. ಈ ಅವಧಿ ಬಹಳ ಚಿಕ್ಕದು. ಆರ್ಥಿಕ ವರ್ಷ ಮುಗಿಯುವ ಮಾರ್ಚಿಯಲ್ಲೇ ಬಿಲ್ ಆಗಬೇಕೆಂದು ಗೂಡುಗಳ ಕೆಳಗೆ ಟ್ರ್ಯಾಕ್ಟರ್ ಓಡಿಸುವುದನ್ನು ಯಾವ ಕಾರಣಕ್ಕೂ ಒಪ್ಪಬೇಡಿ.

ಗೂಡಿನ ಮರಗಳ ಕೆಳಗಿನ ನೀರೇ ಆ ಗೂಡುಗಳ ಕಾವಲು. ಬಣ್ಣದ ಕೊಕ್ಕರೆ ಮೊಟ್ಟೆಗೆ ಸುಮಾರು ಒಂದು ತಿಂಗಳು ಕಾವು ಕೊಡುತ್ತದೆ, ಮರಿ ಹಾರಲು ಇನ್ನೂ ಎರಡು ತಿಂಗಳು. ಈ 90 ದಿನಗಳಲ್ಲಿ ಬಿಸಿಲಿಗೇ 60 ಸೆಂಟಿಮೀಟರಿಗಿಂತ ಹೆಚ್ಚು ನೀರು ಹೋಗುತ್ತದೆ. ಆದ್ದರಿಂದ ಮೊಟ್ಟೆ ಇಡುವ ಹೊತ್ತಿಗೆ ಮರದಡಿ 1 ಮೀಟರ್ ನೀರಿದ್ದರೆ ಮಾತ್ರ ಕೊನೆಯಲ್ಲಿ ಮೊಣಕಾಲುದ್ದ ಉಳಿಯುತ್ತದೆ. ಅದಕ್ಕಿಂತ ಕಡಿಮೆಯಾದರೆ ನಾಯಿ, ನರಿ ಮರದ ಬುಡಕ್ಕೆ ಬರುತ್ತವೆ, ಗೂಡಿನಿಂದ ಬಿದ್ದ ಮರಿ ಉಳಿಯುವುದಿಲ್ಲ, ದೊಡ್ಡ ಹಕ್ಕಿಗಳು ಗೂಡು ಬಿಟ್ಟು ಹೋಗುವುದೂ ಉಂಟು. ತೂಬಿನ ಬಳಿ ಅಳತೆಪಟ್ಟಿ ನೆಡಿಸಿ, ಮರದಡಿ 1 ಮೀಟರ್ ನೀರಿರುವ ಮಟ್ಟಕ್ಕೆ ಅದರ ಮೇಲೆ ಕೆಂಪು ಗೆರೆ ಎಳೆಸಿ. ಗೂಡಿನ ಕಾಲದಲ್ಲಿ ಆ ಗೆರೆಗಿಂತ ಕೆಳಗೆ ತೂಬು ಎತ್ತುವುದಿಲ್ಲ, ಪಂಪ್ ಇಡುವುದಿಲ್ಲ ಎಂದು ಗ್ರಾಮಸಭೆಯಲ್ಲಿ ಅಚ್ಚುಕಟ್ಟಿನ ರೈತರೇ ಒಪ್ಪಿ ನಡಾವಳಿಯಲ್ಲಿ ಬರೆಸಬೇಕು. ನೀರುಗಂಟಿ ಇದ್ದರೆ ಲೆಕ್ಕ ಬರೆಯುವ ಕೆಲಸ ಅವರಿಗೇ ಒಪ್ಪಿಸಿ. ಮರಿ ಹಾರಿದ ಮೇಲೆ ಕೆರೆ ಒಣಗಿದರೂ ಚಿಂತೆಯಿಲ್ಲ. ಆಗಾಗ ಒಣಗುವುದು ಇಂಥ ಕೆರೆಗೆ ಒಳ್ಳೆಯದು: ಕೆಸರಿಗೆ ಗಾಳಿ ತಗಲುತ್ತದೆ, ಜೇಕು ಮೊಳೆಯುತ್ತದೆ, ಬೇಡದ ಮೀನು ಸಾಯುತ್ತದೆ.

ಮರಗಳ ವಿಷಯ ಬಂದಾಗ ನಮ್ಮ ನಾಡಿನದೇ ಆದ ಕರಿಜಾಲಿ ಬೇರೆ, ಹೊರದೇಶದಿಂದ ಬಂದು ಹಬ್ಬುವ ಬಳ್ಳಾರಿ ಜಾಲಿ ಬೇರೆ ಎಂಬುದನ್ನು ಗುತ್ತಿಗೆದಾರರಿಗೆ ಮರದ ಮುಂದೆ ನಿಲ್ಲಿಸಿ ತೋರಿಸಿ. ಕರಿಜಾಲಿ ಉಳಿಯಬೇಕು. ಹಿಕ್ಕೆಯ ಉರಿ, ಸದಾ ನಿಂತ ನೀರು ಎರಡೂ ಸೇರಿ ಹಳೆಯ ಮರಗಳು ಒಣಗುತ್ತವೆ, ಹಾಗಾಗಿ ಈಗಲೇ ಹೊಸವನ್ನು ಬೆಳೆಸಬೇಕು. ತೆಗೆದ ಹೂಳಿನಿಂದಲೇ ದಿಬ್ಬ ಹಾಕಿಸಿ: ತುಂಬಿದ ಕೆರೆಯ ಮಟ್ಟಕ್ಕಿಂತ ಅರ್ಧದಿಂದ ಒಂದು ಮೀಟರ್ ಎತ್ತರ, ಸುತ್ತ ಐದಕ್ಕೆ ಒಂದರ ಇಳಿಜಾರು, ದಡದಿಂದ 50 ಮೀಟರಾದರೂ ದೂರ. ಒಂದೇ ಸಲ ಸುರಿದ ಎರೆಮಣ್ಣು ಮೊದಲ ಮಳೆಗೇ ಕುಸಿಯುತ್ತದೆ. ಅಡಿ ದಪ್ಪದ ಪದರಗಳಲ್ಲಿ ಹಾಕಿ ತುಳಿಸಬೇಕು. ಮೇಕೆ ದೊಡ್ಡಿಯಲ್ಲಿ ಹಿಕ್ಕೆಯ ಜೊತೆ ಬಿದ್ದ ಜಾಲಿ ಬೀಜ ಚೆನ್ನಾಗಿ ಮೊಳೆಯುತ್ತದೆ, ಅದನ್ನೇ ಆರಿಸಿ ಬಿತ್ತಿ. ಗೂಡಿನ ಭಾರ ಹೊರಲು ಆರೇಳು ವರ್ಷವಾದರೂ ಬೇಕು. ಬಳ್ಳಾರಿ ಜಾಲಿಯನ್ನು ಬರಿದೇ ಕಡಿದರೆ ಮತ್ತೆ ಚಿಗುರುತ್ತದೆ, ನೆಲದಿಂದ ಒಂದಡಿ ಕೆಳಗೆ ಬೇರು ಕತ್ತರಿಸಿ ಕೀಳಬೇಕು. ಆದರೆ ಅದರ ಮೇಲೂ ಗೂಡುಗಳಿದ್ದರೆ ಹೊಸ ಮರ ಬೆಳೆಯುವವರೆಗೆ ಬಿಟ್ಟುಬಿಡಿ.

ದನಗಳಿಗೆ ಬೇಲಿ ಹಾಕುವ ಮುನ್ನ ರಾಜಸ್ಥಾನದ ಭರತಪುರದ ಕೇವಲಾದೇವ್ ರಾಷ್ಟ್ರೀಯ ಉದ್ಯಾನದಲ್ಲಿ ನಡೆದದ್ದನ್ನು ನೆನೆಯಿರಿ. 1982ರಲ್ಲಿ ಅಲ್ಲಿ ಮೇಯಿಸುವುದನ್ನು ಪೂರ್ತಿ ನಿಷೇಧಿಸಿದರು. ವಿರೋಧಿಸಿದ ಹಳ್ಳಿಗರ ಮೇಲೆ ಗೋಲಿಬಾರ್ ಆಗಿ ಜೀವಗಳು ಹೋದವು. ಎಮ್ಮೆಗಳು ಇಲ್ಲವಾದ ಮೇಲೆ ಪಾಸ್ಪಾಲಮ್ ಹುಲ್ಲು ತೆರೆದ ನೀರಿನ ಮೇಲೆಲ್ಲ ಹಬ್ಬಿ ಬಾತುಗಳಿಗೆ ಜಾಗವೇ ಇಲ್ಲದಂತಾಯಿತು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ದೀರ್ಘ ಅಧ್ಯಯನ ಆ ಜೌಗಿಗೆ ಎಮ್ಮೆಗಳು ಬೇಕೆಂದೇ ಹೇಳಿತು. ಮುಂದೆ ಹಳ್ಳಿಗರಿಗೆ ಹುಲ್ಲು ಕೊಯ್ಯಲು ಬಿಟ್ಟರು. ನಿಮ್ಮಲ್ಲಿ ಗೂಡಿರುವ ತಿಂಗಳುಗಳಲ್ಲಿ ಮರಗಳ ಸುತ್ತಣ ಭಾಗಕ್ಕೆ ಮಾತ್ರ ದನ ಬೇಡ, ಉಳಿದಂತೆ ಅಂಗಳ ಮೇಯಲಿ.

ಜೊಂಡಿನದೂ ಇದೇ ಲೆಕ್ಕ. ಪೂರಾ ತೆಗೆದರೆ ಜಂಬುಕೋಳಿ, ನಾಮದ ಕೋಳಿಗಳಿಗೆ ನೆಲೆ ತಪ್ಪುತ್ತದೆ. ಪೂರಾ ಬಿಟ್ಟರೆ ಕೆರೆಯನ್ನೇ ಮುಚ್ಚುತ್ತದೆ. ವರ್ಷಕ್ಕೆ ಮೂರರಲ್ಲೊಂದು ಪಾಲು, ಪಟ್ಟಿ ಪಟ್ಟಿಯಾಗಿ, ನೀರು ಇಳಿದಾಗ ಬುಡ ಕೊಯ್ಯಿಸಿ. ಆಮೇಲೆ ಬಂದ ನೀರು ಆ ಮೊಂಡುಗಳನ್ನು ಮುಳುಗಿಸಿದರೆ ಉಸಿರುಕಟ್ಟಿ ಕೊಳೆಯುತ್ತವೆ. ಸುಡುವುದು ಬೇಡ.

ಊರ ಚರಂಡಿ ಕೆರೆಗೇ ಸೇರುತ್ತದೆ, ನೇರಳೆ ಹೂವಿನ ಅಂತರಗಂಗೆ ಹಬ್ಬುತ್ತಿದೆ ಎಂದೂ ಬರೆದಿದ್ದೀರಿ. ಚರಂಡಿ ನಿಲ್ಲದೆ ಕಳೆ ನಿಲ್ಲದು. ಎಷ್ಟು ತೆಗೆದರೂ ಒಂದೆರಡು ವಾರದಲ್ಲಿ ಇಮ್ಮಡಿಯಾಗುವ ಗಿಡ ಅದು, ಬೀಜ ಕೆಸರಿನಲ್ಲಿ ವರ್ಷಾನುಗಟ್ಟಲೆ ಬದುಕಿರುತ್ತದೆ. 3,000 ಜನರ ಊರಿನಿಂದ ತಲೆಗೆ 40 ಲೀಟರಿನಂತೆ ದಿನಕ್ಕೆ 1.2 ಲಕ್ಷ ಲೀಟರ್ ಕೊಳಚೆ ಬರುತ್ತದೆಂದು ಹಿಡಿಯಿರಿ. ಕಾಲುವೆ ಕೆರೆ ಸೇರುವ ಮೊದಲು ಒಂದು ಕೆಸರುಗುಂಡಿ, ಅದರ ಮುಂದೆ 40 ಸೆಂಟಿಮೀಟರ್ ಆಳದ, ಸುಮಾರು 12 ಗುಂಟೆಯ ಜೊಂಡಿನ ಮಡಿ ಇದ್ದರೆ, ಜೊಂಡೇ ಹಿಡಿಯುವ ಜಾಗ ಕಳೆದರೂ, ಆ ನೀರು ಸುಮಾರು ಮೂರು ದಿನ ಅಲ್ಲಿ ನಿಲ್ಲುತ್ತದೆ. ವರ್ಷಕ್ಕೊಮ್ಮೆ ಗುಂಡಿಯ ಕೆಸರು ತೆಗೆದು, ಮಡಿಯ ಜೊಂಡು ಕೊಯ್ದು ಹೊರಗೆ ಸಾಗಿಸಬೇಕು. ಕೊಯ್ಯದೆ ಬಿಟ್ಟರೆ ಅದು ಹೀರಿದ್ದೆಲ್ಲ ಕೊಳೆತು ಮತ್ತೆ ಕೆರೆಗೇ ಹೋಗುತ್ತದೆ.

ಮೀನು ಹರಾಜಿನ ಷರತ್ತಿನಲ್ಲಿ ಆಫ್ರಿಕನ್ ಕ್ಯಾಟ್‌ಫಿಶ್ ಬಿಡಕೂಡದೆಂದು ಬರೆಸಿ, ಅದು ದೇಶದಲ್ಲೇ ನಿಷಿದ್ಧ. ವಾಕಿಂಗ್ ಪಾತ್ ಏರಿಯ ಮೇಲೆ ಮಾತ್ರ ಇರಲಿ, ದೀಪ ಬೇಡ.

ಇನ್ನು ಕಾನೂನು. 2017ರ ಜೌಗು ಪ್ರದೇಶ ನಿಯಮಗಳ ವ್ಯಾಖ್ಯಾನದಿಂದ ನೀರಾವರಿಗೆಂದೇ ಕಟ್ಟಿದ ಕೆರೆಗಳನ್ನು ಹೊರಗಿಟ್ಟಿದ್ದಾರೆ. ಹಾಗಾಗಿ ನಿಮಗೆ ಹತ್ತಿರದ ದಾರಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 36ಎ ಕಲಂ, ಅಂದರೆ ಸಂರಕ್ಷಣಾ ಮೀಸಲು. ನಿಮ್ಮ ಜಿಲ್ಲೆಯ ಮಾಗಡಿ ಕೆರೆ ಮತ್ತು ವಿಜಯನಗರ ಜಿಲ್ಲೆಯ ಅಂಕಸಮುದ್ರ, ಎರಡೂ ನೀರಾವರಿ ಕೆರೆಗಳು, ಎರಡೂ ಹೀಗೆ ಮೀಸಲಾಗಿ 2024ರ ಜನವರಿಯಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿದವು. ಮಾಗಡಿಗೆ ಚಳಿಗಾಲದಲ್ಲಿ ಸುಮಾರು 8,000 ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಅಂಕಸಮುದ್ರದ ಸುಮಾರು 244 ಎಕರೆಯಲ್ಲಿ 30,000ಕ್ಕೂ ಹೆಚ್ಚು ನೀರುಹಕ್ಕಿಗಳು ಗೂಡು ಕಟ್ಟುತ್ತವೆ, ತಂಗುತ್ತವೆ. ಸರ್ಕಾರಿ ಜಮೀನಾದರೆ ಊರವರೊಂದಿಗೆ ಸಮಾಲೋಚಿಸಿಯೇ ಮೀಸಲು ಘೋಷಿಸಬೇಕು, ನಿರ್ವಹಣಾ ಸಮಿತಿಯಲ್ಲಿ ಗ್ರಾಮ ಪಂಚಾಯಿತಿಯ ಪ್ರತಿನಿಧಿ ಇರಲೇಬೇಕು. ಅರ್ಜಿಯನ್ನು ಅರಣ್ಯ ಇಲಾಖೆಗೆ ಕೊಡುವಾಗ ಎರಡು ವರ್ಷದ ಲೆಕ್ಕ ಲಗತ್ತಿಸಿ: ಹದಿನೈದು ದಿನಕ್ಕೊಮ್ಮೆ ಅಳತೆಪಟ್ಟಿಯ ಮಟ್ಟ, ಗೂಡಿನ ಕಾಲದಲ್ಲಿ ಪ್ರತಿವರ್ಷ ಅದೇ ವಾರ ಮರವಾರು ಎಣಿಸಿದ ಗೂಡುಗಳು, ಜನವರಿಯ ನೀರುಹಕ್ಕಿ ಗಣತಿಯ ಪಟ್ಟಿ. ಗಣತಿಗೆ ಊರಿನ ಪ್ರೌಢಶಾಲೆಯ ಮಕ್ಕಳನ್ನೂ ಸೇರಿಸಿಕೊಳ್ಳಿ. ಎಣಿಸಲು ಬೆಳಗಿನ ಮೊದಲ ಎರಡು ಗಂಟೆ ಒಳ್ಳೆಯದು.