ಬುಡಾಪೆಸ್ಟ್‌ನಲ್ಲಿ ಒಂದನೇ ತರಗತಿ: ಓದು ಮೊದಲು ಯಾವ ಭಾಷೆಯಲ್ಲಿ?

ಪ್ರಶ್ನೆ: ನಾವು ಮೈಸೂರಿನವರು. ಪತಿಯ ಉದ್ಯೋಗದ ನಿಮಿತ್ತ ಮೂರು ವರ್ಷಗಳಿಂದ ಬುಡಾಪೆಸ್ಟ್‌ನಲ್ಲಿದ್ದೇವೆ. ಆರು ವರ್ಷದ ಮಗ ಶಿಶುವಿಹಾರದಲ್ಲಿ ಹಂಗೇರಿಯನ್ ಕಲಿತಿದ್ದಾನೆ, ಅಂಗಡಿಗಳ ಫಲಕಗಳನ್ನು ನೋಡಿ ಅಕ್ಷರಗಳನ್ನೂ ಗುರುತಿಸುತ್ತಾನೆ. ಸೆಪ್ಟೆಂಬರ್‌ನಲ್ಲಿ ಇಂಗ್ಲಿಷ್–ಹಂಗೇರಿಯನ್ ದ್ವಿಭಾಷಾ ಶಾಲೆಗೆ ಸೇರಲಿದ್ದಾನೆ. ಮನೆಯಲ್ಲಿ ನಾನು ಇಂಗ್ಲಿಷ್ ಓದಿಸಲು ಕುಳಿತರೆ ‘ಸನ್’ ಎಂಬುದನ್ನು ‘ಶುನ್’ ಎನ್ನುತ್ತಾನೆ. ಭಾಷೆಗಳು ಕಲಸಿಹೋಗುತ್ತಿವೆಯೇ? ಕನ್ನಡ ಬಿಟ್ಟು ಮನೆಯಲ್ಲೂ ಇಂಗ್ಲಿಷನ್ನೇ ಮಾತನಾಡಿ ಎಂದು ಪರಿಚಿತರು ಹೇಳುತ್ತಾರೆ. ಏನು ಮಾಡಲಿ?

ಉತ್ತರ: ನಿಮ್ಮ ಮಗ ಗೊಂದಲಗೊಂಡಿಲ್ಲ, ಹಂಗೇರಿಯನ್ ನಿಯಮದಂತೆ ಸರಿಯಾಗಿಯೇ ಓದಿದ್ದಾನೆ. ಆ ಭಾಷೆಯಲ್ಲಿ ‘ಎಸ್’ ಅಕ್ಷರದ ಉಚ್ಚಾರಣೆ ‘ಶ’. ‘ಸ’ ಬೇಕೆಂದರೆ ‘ಎಸ್’ ಪಕ್ಕದಲ್ಲಿ ‘ಝಡ್’ ಸೇರಿಸಿ ಬರೆಯಬೇಕು. ಚಳಿಗೆ ಕತ್ತಿಗೆ ಸುತ್ತಿಕೊಳ್ಳುವ ವಸ್ತ್ರಕ್ಕೆ ಅಲ್ಲಿಯೂ ‘ಶಾಲ್’ ಎಂದೇ ಹೆಸರು, ಬರೆಯುವುದು ಮಾತ್ರ ‘ಎಸ್’ನಿಂದ. ಹಂಗೇರಿಯನ್ ಬಹುಮಟ್ಟಿಗೆ ನಮ್ಮ ಕನ್ನಡದಂತೆ ಬರೆದಂತೆಯೇ ಓದುವ ಭಾಷೆ. ಹ್ರಸ್ವ, ದೀರ್ಘಗಳನ್ನೂ ಬರವಣಿಗೆಯಲ್ಲಿ ಬೇರೆಬೇರೆಯಾಗಿ ತೋರಿಸುತ್ತದೆ. ಇಂಗ್ಲಿಷಿನಲ್ಲಾದರೋ ‘ಬಟ್’ ಮತ್ತು ‘ಪುಟ್’ ಎಂಬೆರಡು ಪದಗಳಲ್ಲೇ ‘ಯು’ ಅಕ್ಷರ ಎರಡು ಬಗೆಯಾಗಿ ನುಡಿಯುತ್ತದೆ. ಆದ್ದರಿಂದ ಅಕ್ಷರಕ್ಕೂ ಧ್ವನಿಗೂ ಇರುವ ನಂಟು ಮೊದಲು ಹಂಗೇರಿಯನ್ನಿನಲ್ಲಿ ಗಟ್ಟಿಯಾಗಲಿ ಎಂಬುದು ನನ್ನ ಖಚಿತ ಅಭಿಪ್ರಾಯ. ಈ ಒಂದು ವರ್ಷ ಇಂಗ್ಲಿಷ್ ಅವನ ಕಿವಿಗೂ ಬಾಯಿಗೂ ಬೀಳಲಿ, ಓದಿಸುವ ಅವಸರ ಬೇಡ. ಒಂದು ಭಾಷೆಯಲ್ಲಿ ಓದು ಕೂಡಿಬಂದ ಮಗು ಇನ್ನೊಂದಕ್ಕೆ ಆ ಕೌಶಲವನ್ನು ತಾನಾಗಿಯೇ ಕೊಂಡೊಯ್ಯುತ್ತದೆ.

ಹಂಗೇರಿಯಲ್ಲಿ ದ್ವಿಭಾಷಾ ಶಿಕ್ಷಣ 1987ರಲ್ಲಿ ಪ್ರೌಢಶಾಲೆಗಳಿಂದ ಆರಂಭವಾಗಿ, ಅನಂತರ ಎಂಟು ವರ್ಷಗಳ ಪ್ರಾಥಮಿಕ ಶಾಲೆಗೂ ಬಂದಿತು. ಸಾಮಾನ್ಯ ಶಾಲೆಗಳಲ್ಲಿ ವಿದೇಶಿ ಭಾಷೆ ಕಡ್ಡಾಯವಾಗುವುದು 4ನೇ ತರಗತಿಯಿಂದ. ದ್ವಿಭಾಷಾ ಶಾಲೆಗಳಲ್ಲಿ ಭಾಷಾಪಾಠದ ಜೊತೆಗೆ ಕೆಲವು ವಿಷಯಗಳನ್ನೇ ಇಂಗ್ಲಿಷಿನಲ್ಲಿ ಕಲಿಸುತ್ತಾರೆ. 6ನೇ ತರಗತಿಯಲ್ಲಿ ಯುರೋಪಿನ ಭಾಷಾ ಮಾನದಂಡದ ಎ2 (ಪ್ರಾಥಮಿಕ) ಹಂತವನ್ನೂ 8ನೇ ತರಗತಿಯಲ್ಲಿ ಬಿ1 (ಮಧ್ಯಮ) ಹಂತವನ್ನೂ ಪರೀಕ್ಷಿಸಲಾಗುತ್ತದೆ. ಅಂದರೆ ಶಾಲೆಯೇ ಇಂಗ್ಲಿಷಿಗೆ ಎಂಟು ವರ್ಷಗಳ ಹಾದಿ ಹಾಕಿಕೊಂಡಿರುವಾಗ, ನೀವು ಆರು ತಿಂಗಳಲ್ಲಿ ಮುಗಿಸಬೇಕಾದ ಕೆಲಸವೇನೂ ಇಲ್ಲ.

ನಾನು ಹೆಚ್ಚು ಗಮನ ಕೊಡಿ ಎನ್ನುವುದು ಹಂಗೇರಿಯನ್ನಿಗೇ. ಆಟದ ಬಯಲಿನ ಮಾತು ಮಕ್ಕಳಿಗೆ ಸುಮಾರು ಎರಡು ವರ್ಷಗಳಲ್ಲಿ ಒಲಿಯುತ್ತದೆ. ಪಾಠವನ್ನು ಗ್ರಹಿಸಿ, ಕಾರಣ ಹೇಳಿ, ವಿವರಿಸಿ ಬರೆಯುವ ಭಾಷೆಗೆ ಐದರಿಂದ ಏಳು ವರ್ಷಗಳಾದರೂ ಬೇಕು ಎಂಬುದನ್ನು ಕೆನಡಾದ ವಿದ್ವಾಂಸ ಜಿಮ್ ಕಮಿನ್ಸ್ ಬಹು ಹಿಂದೆಯೇ ತೋರಿಸಿಕೊಟ್ಟಿದ್ದಾರೆ. ಗೆಳೆಯರೊಡನೆ ಅರಳು ಹುರಿದಂತೆ ಮಾತನಾಡುವ ಮಗುವಿಗೂ ಗಣಿತದ ಲೆಕ್ಕದ ವಾಕ್ಯ ಅರ್ಥವಾಗದಿರಬಹುದು. ಆಗ ಅದನ್ನು ದಡ್ಡತನವೆಂದು ದಯವಿಟ್ಟು ಭಾವಿಸಬೇಡಿ.

ಇನ್ನು ಕನ್ನಡ. ಅದನ್ನು ಬಿಡಲೇಬೇಡಿ. ಹಂಗೇರಿಯನ್ನಿನಲ್ಲಿ ‘ಅವನು’, ‘ಅವಳು’ ಎರಡಕ್ಕೂ ಒಂದೇ ಪದ ಇರುವುದರಿಂದ ಅಲ್ಲಿನ ಮಕ್ಕಳು ಇಂಗ್ಲಿಷಿನಲ್ಲಿ ಅಮ್ಮನನ್ನೂ ‘ಹೀ’ ಎಂದುಬಿಡುವುದುಂಟು. ಕನ್ನಡದಲ್ಲಿ ಆ ಭೇದವನ್ನು ಬಲ್ಲ ನಿಮ್ಮ ಮಗನಿಗೆ ಅದು ಬೇಗ ತಿಳಿಯುತ್ತದೆ. ‘ಮನೆಯಲ್ಲಿ’, ‘ತೋಟದಲ್ಲಿ’ ಎಂದು ನಾವು ಪದದ ಕೊನೆಗೆ ಪ್ರತ್ಯಯ ಹಚ್ಚುವಂತೆ ಅವರೂ ‘ಹಾಜ್‌ಬನ್’, ‘ಕೆರ್ಟ್‌ಬೆನ್’ ಎನ್ನುತ್ತಾರೆ. ಅಲ್ಲಿ ‘ಬನ್’, ಇಲ್ಲಿ ‘ಬೆನ್’ ಆಗುವುದು ಪದದ ಸ್ವರಕ್ಕೆ ಪ್ರತ್ಯಯದ ಸ್ವರ ಹೊಂದಿಕೊಳ್ಳುವುದರಿಂದ. ಇದಕ್ಕಿಂತಲೂ ದೊಡ್ಡ ಕಾರಣವೊಂದಿದೆ: ಶಾಲೆಯಲ್ಲಿ ನೋವಾದ ದಿನ ಮಗು ಅದನ್ನು ಹೇಳಿಕೊಳ್ಳುವ ಭಾಷೆ, ನೀವು ತಡವರಿಸದೆ ಸಮಾಧಾನ ಹೇಳುವ ಭಾಷೆ ಅದು.

ಶಾಲೆ ಆರಂಭವಾಗುವ ಮುನ್ನ ಶಿಕ್ಷಕಿಯನ್ನು ಕಂಡು, ಇಂಗ್ಲಿಷ್ ಓದು ಯಾವ ತಿಂಗಳಿನಿಂದ ಆರಂಭವಾಗುತ್ತದೆ, ಗಣಿತ ಯಾವ ಭಾಷೆಯಲ್ಲಿ ನಡೆಯುತ್ತದೆ ಎಂದು ಕೇಳಿ ತಿಳಿಯಿರಿ. ಅಲ್ಲಿಯವರೆಗೆ ರಾತ್ರಿ ಮಲಗುವಾಗ ಇಂಗ್ಲಿಷ್ ಚಿತ್ರಪುಸ್ತಕವನ್ನು ನೀವೇ ಓದಿ ಹೇಳಿ, ಅವನು ಕೇಳಲಿ. ಕನ್ನಡದ ಅ, ಆ, ಇ, ಈಗಳನ್ನು ಒಂದನೇ ತರಗತಿ ಮುಗಿದ ಬೇಸಿಗೆಯ ರಜೆಯಲ್ಲಿ ಆರಂಭಿಸಬಹುದು. ಲಿಪಿಯೇ ಬೇರೆಯಾದ್ದರಿಂದ ಅಲ್ಲಿ ‘ಶುನ್’ನಂತಹ ತೊಡಕು ಬಾರದು.