ಕನ್ಸಿಡರೇಶನ್ ಅಂದರೆ ಪ್ರತಿಫಲ

ಹಾವೇರಿ ಜಿಲ್ಲೆಯ ಓದುಗರೊಬ್ಬರ ಪತ್ರ: “ಪಿಯುವರೆಗೂ ಕನ್ನಡ ಮಾಧ್ಯಮದಲ್ಲಿ ಓದಿದವನು. ಸಿಎ ಓದಿನ ಮೊದಲ ಪರೀಕ್ಷೆ ಫೌಂಡೇಶನ್ ಬರೆದೆ. ಅಕೌಂಟಿಂಗ್ 68, ಗಣಿತದ ಪೇಪರ್ 55, ಅರ್ಥಶಾಸ್ತ್ರ 47, ಬಿಸಿನೆಸ್ ಲಾ 31. ‘ಕನ್ಸಿಡರೇಶನ್’ ಅಂದರೆ ಯೋಚನೆ ಮಾಡುವುದು ಅಂದುಕೊಂಡು ಎರಡು ಪುಟ ಬರೆದು ಬಂದೆ. ಒಂದು ವರ್ಷ ಓದು ನಿಲ್ಲಿಸಿ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಹೋಗು ಅಂತ ಮನೆಯಲ್ಲಿ ಹೇಳ್ತಿದ್ದಾರೆ. ಏನು ಮಾಡಲಿ?”

ಸಂಪಾದಕರ ಉತ್ತರ:

ನಿಮ್ಮ ಅಂಕಗಳನ್ನು ಕೂಡಿಸಿದೆ. ಒಟ್ಟು 201. ನಾನೂರಕ್ಕೆ ಇನ್ನೂರು ಬಂದರೆ ಸಾಕಿತ್ತು. ಅದು ಬಂದಿದೆ. ಒಂದೊಂದು ಪೇಪರಿನಲ್ಲೂ 40 ಬೇಕೆಂಬ ನಿಯಮದಲ್ಲಿ ಸಿಕ್ಕಿಬಿದ್ದಿದ್ದೀರಿ, ಅದೂ ಒಂದೇ ಒಂದು ಪೇಪರಿನಲ್ಲಿ. ಫೌಂಡೇಶನ್‌ನಲ್ಲಿ ಪಾಸಾದ ವಿಷಯವನ್ನು ಉಳಿಸಿಕೊಳ್ಳಲು ಬರುವುದಿಲ್ಲವಾದ್ದರಿಂದ ನಾಲ್ಕನ್ನೂ ಮತ್ತೆ ಬರೆಯಬೇಕು. ಹೊಟ್ಟೆ ಉರಿಯುವ ಮಾತೇ. ಆದರೆ ಇದಕ್ಕಾಗಿ ಒಂದು ವರ್ಷ ಓದು ನಿಲ್ಲಿಸಬೇಡಿ.

ಸ್ಪೋಕನ್ ಇಂಗ್ಲಿಷ್ ಕ್ಲಾಸಿನಲ್ಲಿ ಅಪರಿಚಿತರೊಡನೆ ಮಾತಾಡುವುದು, ಇಂಟರ್‌ವ್ಯೂ ಎದುರಿಸುವುದು ಹೇಳಿಕೊಡುತ್ತಾರೆ. ನಿಮ್ಮ ಪೇಪರಿನಲ್ಲಿ ಬರುವ ಇಂಗ್ಲಿಷ್ ಬೇರೆಯದು. ಅದು ಚಿಕ್ಕದು, ಬಿಗಿಯಾದದ್ದು. ಅದೇ ಪದಗಳು ಅಧ್ಯಾಯದಿಂದ ಅಧ್ಯಾಯಕ್ಕೆ ತಿರುಗಿ ತಿರುಗಿ ಬರುತ್ತವೆ. ಹಳೆಯ ಪಠ್ಯಕ್ರಮದಲ್ಲಿ ಕಾನೂನಿನ ಜೊತೆ ಪತ್ರವ್ಯವಹಾರದ ಇಂಗ್ಲಿಷ್ ಭಾಗವೂ ಇತ್ತು. 2024ರ ಪರೀಕ್ಷೆಗಳಿಂದ ಜಾರಿಗೆ ಬಂದ ಹೊಸದರಲ್ಲಿ ಅದಿಲ್ಲ. ಹಾಗಾಗಿ ನಿಮ್ಮ ಇಂಗ್ಲಿಷ್ ಎಷ್ಟು ಚೆಂದವಿದೆ ಎಂದು ಯಾರೂ ಅಂಕ ಹಾಕುವುದಿಲ್ಲ.

ಕಷ್ಟ ಕೊಡುವುದು ಗೊತ್ತಿಲ್ಲದ ಪದಗಳಲ್ಲ, ಗೊತ್ತಿದೆ ಅಂದುಕೊಂಡ ಪದಗಳು. ‘ಪ್ರಾವಿಷನ್’ ತೆಗೆದುಕೊಳ್ಳಿ. ನಿಮ್ಮೂರಿನಲ್ಲಿ ಪ್ರಾವಿಷನ್ ಸ್ಟೋರ್ ಇದ್ದೇ ಇರುತ್ತದೆ, ಅಲ್ಲಿ ಅದು ಅಕ್ಕಿ ಬೇಳೆ. ಅಕೌಂಟಿಂಗ್ ಪೇಪರಿನಲ್ಲಿ, ಬಾರದೆ ಹೋಗಬಹುದಾದ ಸಾಲಕ್ಕೆಂದು ಮೊದಲೇ ಲೆಕ್ಕದಲ್ಲಿ ತೆಗೆದಿಡುವ ಮೊತ್ತ. ಲಾ ಪೇಪರಿನಲ್ಲಿ ಅದೇ ಪದ ಕಾಯ್ದೆಯ ಕಟ್ಟಳೆ. ‘ಔಟ್‌ಸ್ಟ್ಯಾಂಡಿಂಗ್’ ಎಂದರೆ ಶಾಲೆಯಲ್ಲಿ ಶಭಾಷ್‌ಗಿರಿ, ಲೆಕ್ಕದಲ್ಲಿ ಕೊಡಬೇಕಾದ ಬಾಕಿ. ಹಾಗೆಯೇ ‘ಕನ್ಸಿಡರೇಶನ್’ ಎಂದರೆ ಪ್ರತಿಫಲ. ನೀನು ಇದು ಕೊಟ್ಟರೆ ನಾನು ಅದು ಕೊಡುತ್ತೇನೆ ಎನ್ನುವಾಗಿನ ‘ಇದು’. 1872ರ ಕರಾರು ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ ಪ್ರತಿಫಲವಿಲ್ಲದ ಒಪ್ಪಂದ ಶೂನ್ಯ, ಅಂದರೆ ಕಾನೂನಿನ ಮುಂದೆ ನಿಲ್ಲುವುದಿಲ್ಲ. ಆದರೆ ಅಪ್ಪ ಮಮತೆಯಿಂದ ಮಗನಿಗೆ ಸಾವಿರ ರೂಪಾಯಿ ಕೊಡುತ್ತೇನೆಂದು ಬರೆದು ನೋಂದಣಿ ಮಾಡಿಸಿದರೆ ಅದು ಕರಾರೇ. ಈ ಉದಾಹರಣೆ ಕಾಯ್ದೆಯಲ್ಲೇ ಇದೆ. ಕನ್ನಡದಲ್ಲಿ ಒಮ್ಮೆ ಹೀಗೆ ತಲೆಗೆ ಹತ್ತಿತೆಂದರೆ ಇಂಗ್ಲಿಷ್ ಪದ ಹೆದರಿಸುವುದಿಲ್ಲ.

ನಮ್ಮ ಪತ್ರಿಕೆಯ ಲೆಕ್ಕ ನೋಡುವ ಸಿಎ ಕೂಡ ಪಿಯುವರೆಗೆ ಕನ್ನಡ ಮಾಧ್ಯಮದವರು. ನಿಮ್ಮ ಪತ್ರ ತೋರಿಸಿದಾಗ ತಮ್ಮ ಹಳೆಯ ಲಾಂಗ್‌ಬುಕ್ ತಂದು ಮೇಜಿನ ಮೇಲಿಟ್ಟರು. ಎಡಪುಟದಲ್ಲಿ ಪೆನ್ಸಿಲಿನಿಂದ ಕನ್ನಡ: ಸವಕಳಿ, ಕೀರ್ತಿಮೌಲ್ಯ, ತಾಳೆಪಟ್ಟಿ, ಅನುಚಿತ ಪ್ರಭಾವ. ಬಲಪುಟದಲ್ಲಿ ನೀಲಿ ಶಾಯಿಯಲ್ಲಿ ಇಂಗ್ಲಿಷ್, ಪದವಲ್ಲ, ಪದವಿರುವ ಪೂರ್ತಿ ವಾಕ್ಯ. ‘ಅನ್‌ಲೆಸ್’, ‘ಪ್ರೊವೈಡೆಡ್ ದಟ್’, ‘ನಾಟ್ ಎಕ್ಸೀಡಿಂಗ್’ ಇವಕ್ಕೇ ಮೂರು ಪುಟ ಕೊಟ್ಟಿದ್ದರು. ನನಗೆ ಬಹಳ ಹಿಡಿಸಿದ್ದು ಆ ಮೂರು ಪುಟ. ವಿಷಯ ಗೊತ್ತಿದ್ದೂ ಅಂಕ ಕಳೆದುಕೊಳ್ಳುವುದು ಇಂಥ ಪುಟ್ಟ ಪದಗಳಲ್ಲೇ. ಸರಿಯುತ್ತರ ಆರಿಸಬೇಕಾದ ಗಣಿತ, ಅರ್ಥಶಾಸ್ತ್ರದ ಪೇಪರುಗಳಲ್ಲಿ ಒಂದು ‘ನಾಟ್’ ಕಣ್ಣಿಗೆ ಬೀಳದಿದ್ದರೆ ಆ ಅಂಕವೂ ಹೋಗುತ್ತದೆ, ತಪ್ಪು ಉತ್ತರಕ್ಕೆ ಕಾಲು ಅಂಕವೂ ಕಡಿತ.

ಲಾ ಉತ್ತರಕ್ಕೆ ಒಂದು ಕಟ್ಟು ಇದೆ. ಹದಿನೇಳರ ಹುಡುಗ ಮನೆ ಅಡವಿಟ್ಟು ಸಾಲ ತಂದ ಎಂಬ ಪ್ರಶ್ನೆ ಬಂತೆನ್ನಿ. ‘ಆ್ಯಸ್ ಪರ್ ದಿ ಇಂಡಿಯನ್ ಕಾಂಟ್ರ್ಯಾಕ್ಟ್ ಆ್ಯಕ್ಟ್, 1872’ ಎಂದು ಶುರುಮಾಡಿ ಕರಾರು ಮಾಡಿಕೊಳ್ಳಲು ಯಾರು ಅರ್ಹರು ಎನ್ನುವ 10, 11ನೇ ಸೆಕ್ಷನ್‌ಗಳ ಮಾತು ಬರೆಯಿರಿ. ಅಪ್ರಾಪ್ತನ ಒಪ್ಪಂದ ಶೂನ್ಯವೆಂದು 1903ರಲ್ಲಿ ಪ್ರಿವಿ ಕೌನ್ಸಿಲ್ (ಬ್ರಿಟಿಷರ ಕಾಲದ ಅಂತಿಮ ಮೇಲ್ಮನವಿ ನ್ಯಾಯಾಲಯ) ತೀರ್ಪು ಕೊಟ್ಟ ಮೊಹೊರಿ ಬೀಬೀ ಪ್ರಕರಣವನ್ನು ಅಲ್ಲೇ ಸೇರಿಸಿ. ‘ಇನ್ ದಿ ಗಿವನ್ ಕೇಸ್’ ಎಂದು ಹುಡುಗನ ಸಂಗತಿಗೆ ಬನ್ನಿ. ‘ದೇರ್‌ಫೋರ್’ ಎಂದು ತೀರ್ಮಾನ ಹೇಳಿ ಮುಗಿಸಿ. ಸಣ್ಣ ಸಣ್ಣ ವಾಕ್ಯ ಸಾಕು. ಸಿಎ ಪರೀಕ್ಷೆ ನಡೆಸುವ ಸಂಸ್ಥೆ ಐಸಿಎಐ ತನ್ನ ವೆಬ್‌ಸೈಟಿನಲ್ಲಿ ಹಳೆಯ ಪ್ರಶ್ನೆಗಳಿಗೆ ಮಾದರಿ ಉತ್ತರಗಳನ್ನು ಪುಕ್ಕಟೆ ಇಟ್ಟಿದೆ. ದಿನಕ್ಕೆ ಎರಡು ಉತ್ತರ ಕೈಯಲ್ಲಿ ಬರೆಯಿರಿ, ಆಮೇಲೆ ಮಾದರಿ ಉತ್ತರದ ಪಕ್ಕ ಇಟ್ಟು ನೋಡಿ. ಓದಿದರಷ್ಟೇ ಸಾಲದು, ಕೈ ಪಳಗಬೇಕು. ಪರೀಕ್ಷೆಯ ದಿನ ಲಾ ಪೇಪರಿಗೆ ಸಿಗುವ ಮೊದಲ ಹದಿನೈದು ನಿಮಿಷ ಪ್ರಶ್ನೆ ಓದುವುದಕ್ಕೇ ಇರುವುದು. ಇಂಗ್ಲಿಷನ್ನು ನಿಧಾನ ಓದುವ ನಮ್ಮಂಥವರಿಗೆ ಆ ಹೊತ್ತು ಬಂಗಾರ.

ಇನ್ನೊಂದು ಮಾತು ಹೇಳದಿದ್ದರೆ ಸಮಾಧಾನವಿಲ್ಲ. ಸಿಎ ಪರೀಕ್ಷೆಯನ್ನು ಇಂಗ್ಲಿಷಿನಲ್ಲಿ ಬರೆಯಬಹುದು, ಹಿಂದಿಯಲ್ಲಿ ಬರೆಯಬಹುದು, ಕನ್ನಡದಲ್ಲಿ ಬರೆಯುವಂತಿಲ್ಲ. ಹಿಂದಿಯ ಹುಡುಗನಿಗೆ ತಾಯ್ನುಡಿಯಲ್ಲಿ ಬರೆಯುವ ಹಕ್ಕಿರುವಾಗ ನಿಮಗೆ ಯಾಕಿಲ್ಲ? ಗ್ರಾಮೀಣ ಬ್ಯಾಂಕುಗಳ ಪರೀಕ್ಷೆಯನ್ನು ಕನ್ನಡದಲ್ಲೂ ನಡೆಸುತ್ತೇವೆಂದು ಕೇಂದ್ರ 2019ರಲ್ಲಿ ಒಪ್ಪಿದ್ದು ನಾವು ಬಿಡದೆ ಕೇಳಿದ್ದಕ್ಕೆ. ಇದನ್ನೂ ಕೇಳಬೇಕು, ಈ ಪತ್ರಿಕೆ ಕೇಳುತ್ತಲೇ ಇರುತ್ತದೆ. ಅದು ಆಗುವವರೆಗೆ ನೀವು ಕಾಯುತ್ತ ಕೂರುವ ಹಾಗಿಲ್ಲ.

ನಮ್ಮ ಲೆಕ್ಕಿಗರು ಒಂದು ಮಾತು ಕೊಟ್ಟಿದ್ದಾರೆ. ಕರಾರು ಕಾಯ್ದೆಯ ಮೇಲೆ ಹತ್ತು ಉತ್ತರ ಬರೆದು ಕಚೇರಿಯ ವಿಳಾಸಕ್ಕೆ ಕಳಿಸಿ, ಕೆಂಪು ಪೆನ್ನಿನಲ್ಲಿ ತಿದ್ದಿ ಹಿಂದಿರುಗಿಸುತ್ತಾರೆ. ಮೊದಲನೆಯದು ಪ್ರತಿಫಲದ ಪ್ರಶ್ನೆಯೇ ಇರಲಿ.