ನೆಟ್‌ವರ್ಕ್ ಇಲ್ಲದ ಕಡೆ ಕಾರಿನಲ್ಲಿ ಜಿಪಿಎಸ್ ದಾರಿ ತೋರಿಸುತ್ತದೆಯೇ?

ತೋರಿಸುತ್ತದೆ, ನಕ್ಷೆಯನ್ನು ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಂಡಿದ್ದರೆ. ನೀವು ಎಲ್ಲಿದ್ದೀರಿ ಎಂದು ಲೆಕ್ಕ ಹಾಕಲು ಇಂಟರ್‌ನೆಟ್ ಬೇಕಿಲ್ಲ. ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುವ ಉಪಗ್ರಹಗಳು ಸಮಯವನ್ನು ಬಿತ್ತರಿಸುತ್ತಲೇ ಇರುತ್ತವೆ. ಕನಿಷ್ಠ 4 ಉಪಗ್ರಹಗಳ ಸಂಕೇತ ಸಿಕ್ಕರೆ, ಅವು ತಲುಪಲು ಹಿಡಿದ ಹೊತ್ತಿನಿಂದ ಫೋನ್ ತಾನಿರುವ ಜಾಗವನ್ನು ಕಂಡುಕೊಳ್ಳುತ್ತದೆ. ರೇಡಿಯೋ ಹಾಗೆ, ಬರೀ ಕೇಳಿಸಿಕೊಳ್ಳುವ ಕೆಲಸ. ನೆಟ್‌ವರ್ಕ್ ಬೇಕಾಗುವುದು ನಕ್ಷೆಗೆ ಮತ್ತು ಟ್ರಾಫಿಕ್ ಮಾಹಿತಿಗೆ. ನಕ್ಷೆಯೇ ಇಲ್ಲದಿದ್ದರೆ ಖಾಲಿ ಪರದೆಯ ಮೇಲೆ ನೀಲಿ ಚುಕ್ಕೆಯಷ್ಟೇ ಓಡುತ್ತಿರುತ್ತದೆ.

ಗೂಗಲ್ ಮ್ಯಾಪ್ಸ್‌ನಲ್ಲಿ ಪ್ರೊಫೈಲ್ ಚಿತ್ರ ಒತ್ತಿ, ‘ಆಫ್‌ಲೈನ್ ಮ್ಯಾಪ್ಸ್’ಗೆ ಹೋಗಿ, ಚೌಕಟ್ಟನ್ನು ಇಡೀ ದಾರಿ ಒಳಗೆ ಬರುವಷ್ಟು ಹಿಗ್ಗಿಸಿ ಡೌನ್‌ಲೋಡ್ ಮಾಡಿ. ಹೊರಡುವ ಮುಂಚೆ, ವೈಫೈ ಇರುವಾಗಲೇ.

ಜಿಪಿಎಸ್ ತೋರಿಸುವ ಜಾಗದಲ್ಲಿ ಬಯಲಲ್ಲೂ ಸುಮಾರು 5 ಮೀಟರ್‌ನಷ್ಟು ತಪ್ಪು ಸಹಜ. ಅದಕ್ಕೇ ಫ್ಲೈಓವರ್ ಮೇಲಿದ್ದೀರೋ ಪಕ್ಕದ ಸರ್ವಿಸ್ ರಸ್ತೆಯಲ್ಲಿದ್ದೀರೋ ಎಂಬುದು ಅದಕ್ಕೆ ಗೊಂದಲ. ಅಲ್ಲಿ ರಸ್ತೆ ಫಲಕವನ್ನೇ ನಂಬಿ. ಸುರಂಗದೊಳಗೆ ಸಂಕೇತವೇ ಸಿಗುವುದಿಲ್ಲ. ಇನ್ನು ‘10 ನಿಮಿಷ ಉಳಿತಾಯ’ ಎಂದು ಆಸೆ ಹುಟ್ಟಿಸುವ ಒಳದಾರಿ: ಎಷ್ಟು ಕಿರಿದು, ಗುಂಡಿ ಎಷ್ಟು, ನಿನ್ನೆಯ ಮಳೆಗೆ ಸೇತುವೆ ಉಳಿದಿದೆಯೇ ಎಂಬುದು ನಕ್ಷೆಗೆ ಎಷ್ಟೋ ಸಲ ಗೊತ್ತಿರುವುದಿಲ್ಲ. ಕತ್ತಲಲ್ಲಂತೂ ಆ ದಾರಿ ಬೇಡವೇ ಬೇಡ.